ಮುಷ್ಟಿಯೊಳಗಿನ ಖರ್ಜೂರ

ರಂಜಾನ್ ಉಪವಾಸ ಬಿಡಲು ನೆಬಿಸಾ ಖರ್ಜೂರವನ್ನು ತುಟಿಯ ಹತ್ತಿರ ತಂದಿದ್ದಳು. ಪಕ್ಕದ ಚಾಪೆಯಿಂದ ಕುಸುಮಕ್ಕ ಕೇಳಿದರು, "ಸೂರ್ಯ ಮುಳುಗಿತಾ ನೆಬಿಸಾ?"

ನೇತ್ರಾವತಿ ಹೊಳೆ ಬಂಟ್ವಾಳ ಪೇಟೆಗೆ ನುಗ್ಗಿ ಇಬ್ಬರನ್ನೂ ಶಾಲೆಯ ಗಂಜಿಕೇಂದ್ರಕ್ಕೆ ತಂದು ಹಾಕಿ ಮೂರು ದಿನವಾಗಿತ್ತು. ಮಳೆ ಬಿಟ್ಟಿರಲಿಲ್ಲ, ಹಗಲಿಗೂ ಮುಸ್ಸಂಜೆಯದೇ ಬಣ್ಣ. ಕರೆಂಟಿಲ್ಲದೆ ಮಸೀದಿಯ ಬಾಂಗೂ ಕೇಳಿಸುತ್ತಿರಲಿಲ್ಲ. ಕುಸುಮಕ್ಕ ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹಿಂದಿನ ಎರಡು ದಿನವೂ ಗಂಜಿ ತಡವಾಗಿ ಬಂದು, ಅವರು ಮುಟ್ಟಿರಲಿಲ್ಲ. ಇವತ್ತು ಗಂಜಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ನೆಬಿಸಾಳ ವಾಚಿನಲ್ಲಿ ಸೂರ್ಯ ಮುಳುಗುವ ಹೊತ್ತು ದಾಟಿ ಹತ್ತು ನಿಮಿಷವಾಗಿತ್ತು. ಅವಳು ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಇಲ್ಲ ಅಕ್ಕ, ಇನ್ನೂ ಹೊತ್ತುಂಟು. ನೀವು ಬೇಗ ಊಟ ಮಾಡಿ."

ಕುಸುಮಕ್ಕನ ಕಣ್ಣು ಖರ್ಜೂರದ ಮೇಲಿತ್ತು. ನೆಬಿಸಾ ಅದನ್ನು ಮುಷ್ಟಿಯೊಳಗೆ ಮುಚ್ಚಿದಳು. ಬಟ್ಟಲು ಬರಿದಾಗುವವರೆಗೂ ಬಿಚ್ಚಲಿಲ್ಲ.