ನೂಲಿನ ಹಗ್ಗ

ಹುಲಿಗೆವ್ವ ಹೊಸೆದ ನೂಲಿನ ಹಗ್ಗ ಐದನೆಯ ಕಲ್ಲು ಕಟ್ಟುತ್ತಲೇ ಹರಿಯಿತು. ಅದೇ ಬೇವಿನ ಕೊಂಬೆಗೆ ಇಳಿಬಿಟ್ಟಿದ್ದ ಅತ್ತೆ ಸಾವಂತ್ರವ್ವನ ಕತ್ತಾಳೆ ಹಗ್ಗ ಇನ್ನೂ ಎರಡು ಕಲ್ಲು ಹೆಚ್ಚಿಗೆ ಹೊತ್ತು, ಸರಳಿನಂತೆ ನೆಟ್ಟಗೆ ನಿಂತಿತ್ತು. ಟಿಕೋಟದ ಆ ಓಣಿಯಲ್ಲಿ ನೆರೆದವರೆಲ್ಲ ನಕ್ಕರು. ನಗದೆ ನಿಂತವನು ಸಾಬಣ್ಣ ಒಬ್ಬನೇ. ಅವನು ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ. ಮರ ಹತ್ತಿ ಟೊಂಗೆ ಕಡಿಯುವುದು ಅವನ ಕಸುಬು.

ಮರುದಿನದ ಕೆಲಸಕ್ಕೆ ಯಾರ ಹಗ್ಗ ಒಯ್ಯಬೇಕೆಂದು ತೀರ್ಮಾನಿಸಲು ಈ ಪರೀಕ್ಷೆ ನಡೆದಿತ್ತು. ಆ ಕೆಲಸ ವಿಜಾಪುರದ ಜೋರಾಪುರ ಪೇಟೆಯಲ್ಲಿತ್ತು. ಸದಾಶಿವರಾಯರ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಹುಣಸೆಮರದ ದೊಡ್ಡ ಟೊಂಗೆಯೊಂದು ಬುಡದಲ್ಲಿ ಸೀಳಿ ಬಾಗಿತ್ತು. ಜೋರು ಗಾಳಿ ಬಂದರೆ ತಾನೇ ಬೀಳುವಂತಿತ್ತು. ಮಾಳಿಗೆಯ ಕೆಳಗಿನ ಕೋಣೆಯಲ್ಲಿ ರಾಯರ ತಾಯಿ ಆನಂದೀಬಾಯಿ ಸೊಂಟ ಮುರಿದುಕೊಂಡು ಮಲಗಿದ್ದರು. ಅವರನ್ನು ಅಲುಗಾಡಿಸಕೂಡದೆಂದು ಡಾಕ್ಟರು ಹೇಳಿಹೋಗಿದ್ದರು. ಹಾಗಾಗಿ ಟೊಂಗೆಯನ್ನು ಕಡಿದು ಕೆಡವುವಂತಿರಲಿಲ್ಲ, ಹಗ್ಗದಲ್ಲಿ ಹಿಡಿದು ಇಳಿಸಬೇಕಿತ್ತು. ಹಗ್ಗ ಹರಿದರೆ ಆ ಮುದುಕಿ ಉಳಿಯುವುದಿಲ್ಲ; ಒದ್ದು ಹಿಂದಕ್ಕೆ ಬರುವ ಮರ ಸಾಬಣ್ಣನನ್ನೂ ಬಿಡುವುದಿಲ್ಲ.

ಬಬಲೇಶ್ವರದ ತವರಿನಲ್ಲಿ ಕಲಿತ ಹಗ್ಗ ಎತ್ತು ಕಟ್ಟುವುದಕ್ಕಷ್ಟೇ ಸರಿ ಎಂದು ಸಾವಂತ್ರವ್ವ ಸೊಸೆಗೆ ಹೇಳಿ, ತನ್ನ ಹಗ್ಗವನ್ನು ಸುತ್ತಿಕೊಳ್ಳತೊಡಗಿದಳು. ಎಂದೂ ಅತ್ತೆಗೆ ಎದುರಾಡದ ಹುಲಿಗೆವ್ವ ಅಂದು ಅಡ್ಡ ಬಂದು ನಿಂತಳು.

"ಅತ್ತಿ, ನೀವು ಕಲ್ಲ ಮೆಲ್ಲಕ ಏರಿಸಿದ್ರಿ. ಟೊಂಗಿ ಹಂಗ ಭಾರ ಹಾಕೂದಿಲ್ಲ. ಕಡದ ಕೂಡ್ಲೆ ಧಡಕ್ಕನ ಬೀಳತೈತಿ. ಕಲ್ಲ ಮ್ಯಾಲಿಂದ ಬಿಟ್ಟ ನೋಡ್ರಿ."

ಸಾಬಣ್ಣ ತಾನೇ ಮರ ಹತ್ತಿದ. ಎರಡು ಕಲ್ಲುಗಳನ್ನು ಕತ್ತಾಳೆ ಹಗ್ಗಕ್ಕೆ ಬಿಗಿದು, ಕೊಂಬೆಯ ಮಟ್ಟಕ್ಕೆ ಎತ್ತಿ, ಕೈಬಿಟ್ಟ. ಏಳು ಕಲ್ಲು ಹೊತ್ತಿದ್ದ ಹಗ್ಗ ಆ ಜಗ್ಗಿಗೆ ಫಟ್ಟನೆ ಹರಿದು, ಕಲ್ಲುಗಳು ಮಣ್ಣಿನಲ್ಲಿ ಹೂತವು. ಆಮೇಲೆ ಅವೇ ಕಲ್ಲುಗಳನ್ನು ಉಳಿದ ನೂಲಿನ ಹಗ್ಗಕ್ಕೆ ಕಟ್ಟಿ ಬಿಟ್ಟ. ಹಗ್ಗ ಉದ್ದಕ್ಕೆ ಎಳೆದುಕೊಂಡಿತು, ಮತ್ತೆ ಮೇಲಕ್ಕೆ ಸೆಳೆಯಿತು. ಕಲ್ಲುಗಳು ನೆಲ ಮುಟ್ಟದೆ ತೂಗಾಡುತ್ತ ಉಳಿದವು.

ಸಾವಂತ್ರವ್ವ ತನ್ನ ಹಗ್ಗದ ಹರಿದ ತುದಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಸೊಸೆಯ ಹಗ್ಗ ಭಾರಕ್ಕೆ ಸೋತಿದ್ದೂ ಸುಳ್ಳಲ್ಲ, ಅದನ್ನು ಇನ್ನೂ ದಪ್ಪಗೆ ಹೊಸೆಯಬೇಕು ಎಂದಳು. ಆಮೇಲೆ ಹುಲಿಗೆವ್ವ ನೂಲು ಹೊಸೆಯಲು ಕೂತಾಗ, ಯಾರೂ ಕರೆಯದಿದ್ದರೂ ಅತ್ತೆ ತಾನೇ ಬಂದು ಎಳೆಯ ಇನ್ನೊಂದು ತುದಿ ಹಿಡಿದು ಕೂತಳು. ಹೊತ್ತು ಮುಳುಗುವುದರೊಳಗೆ ಹೊಸ ಹಗ್ಗ ಸಿದ್ಧವಾಯಿತು.

ಮರುದಿನ ಸಾಬಣ್ಣ ಮೇಲಿನ ಗಟ್ಟಿ ಕವಲಿನ ಮೇಲಿಂದ ಹಗ್ಗ ಹಾಯಿಸಿ ಟೊಂಗೆಗೆ ಬಿಗಿದ. ಕೆಳಗೆ ಅದನ್ನು ಮರದ ಬೊಡ್ಡೆಗೆ ಸುತ್ತಿ ಅತ್ತೆ ಸೊಸೆ ಇಬ್ಬರೂ ತುದಿ ಹಿಡಿದರು. ಸದಾಶಿವರಾಯರು ತಾಯಿಯ ಕೋಣೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಕೊಡಲಿಯ ಕೊನೆಯ ಏಟಿಗೆ ಟೊಂಗೆ ಲಟಲಟನೆ ಮುರಿದು ಕೆಳಕ್ಕೆ ಕುಸಿಯಿತು. ಹಗ್ಗ ನರಳಿತು, ಇಡೀ ಮರ ನಡುಗಿತು. ಮಾಳಿಗೆಗೆ ಇನ್ನೇನು ಗೇಣುದ್ದ ಇದೆ ಎನ್ನುವಾಗ ಟೊಂಗೆ ನಿಂತು, ತೂಗಿ ಅಂಗಳದ ಕಡೆ ತಿರುಗಿತು. ಇಬ್ಬರೂ ಹಗ್ಗವನ್ನು ಇಷ್ಟಿಷ್ಟೇ ಸಡಿಲ ಬಿಟ್ಟರು. ಟೊಂಗೆ ಎಮ್ಮೆ ಮಲಗುವ ಹಾಗೆ ನಿಧಾನವಾಗಿ ಅಂಗಳದಲ್ಲಿ ಒರಗಿತು.

ಓಣಿಗೆ ಓಣಿಯೇ ಕೇಕೆ ಹಾಕಿತು. ಒಳಗೆ ಓಡಿದ ರಾಯರನ್ನು ಆನಂದೀಬಾಯಿ, ಮಂದಿ ಯಾಕೆ ಒದರುತ್ತಿದ್ದಾರೆ, ಮೇಲಿಂದ ಒಂದು ಹಿಡಿ ಮಣ್ಣೂ ಉದುರಲಿಲ್ಲ, ಟೊಂಗೆಯನ್ನು ಯಾವಾಗ ಇಳಿಸುತ್ತಾರೆ ಎಂದು ಕೇಳಿದರು.

ಸೊಲ್ಲಾಪುರ ರಸ್ತೆಯಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದ ದಾದಾಸಾಬ ಗದ್ದಲ ಕೇಳಿ ಒಳಬಂದ. ಹಗ್ಗವನ್ನು ಮುಟ್ಟಿ ಮುಟ್ಟಿ ನೋಡಿ, ತನಗೂ ಇಂಥದೊಂದು ಬೇಕೆಂದು ಸಾವಂತ್ರವ್ವನನ್ನು ಕೇಳಿದ. ಅವಳು ಕೆಂಪಾದ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯ ಬೆನ್ನಿಗೆ ಕೈಹಚ್ಚಿ ಮುಂದೆ ತಂದು ನಿಲ್ಲಿಸಿದಳು.

"ಈಕಿಗಿ ಕೇಳ್ರಿ. ನಾ ಇನ್ನೂ ಈಕಿ ಹತ್ರ ಕಲಿಯಾಕತ್ತೇನಿ."