ಗೋವಾದ ಹಡಗಿನ ಕಂಬ

ಗೋವಾಕ್ಕೆ ಹೋಗುತ್ತೇನೆಂದು ಮುಕುಂದಯ್ಯ ಕಾರ್ಗಲ್ಲಿನ ಕ್ಯಾಂಟೀನಿನಲ್ಲಿ ಮೇಜು ಗುದ್ದಿ ಹೇಳಿಬಿಟ್ಟ. ಗುದ್ದಿದ ರಭಸಕ್ಕೆ ಪಕ್ಕದವರ ಚಹಾ ಚೆಲ್ಲಿತು. ಲಿಂಗನಮಕ್ಕಿ ಅಣೆಕಟ್ಟೆಯೇ ಒಮ್ಮೆ ಅದುರಿತೆಂದು ಅವನ ಅಂಬೋಣ. ಇನ್ನು ಹೋಗದೆ ಗತಿಯಿರಲಿಲ್ಲ.

ಎಂಬತ್ಮೂರರ ಆ ಬೇಸಿಗೆಯಲ್ಲಿ ಕಾರ್ಗಲ್ಲಿನಲ್ಲಿ ಮುಕುಂದಯ್ಯನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದ್ದರೂ ಮುಕುಂದಯ್ಯನ ಗಮನಕ್ಕೆ ಬಂದಿರಲಿಲ್ಲ. ಅಣೆಕಟ್ಟೆಯ ಗೇಟುಗಳಿಗೆ ಗ್ರೀಸು ಹಚ್ಚುವುದು ಅವನ ನೌಕರಿ. ನೆಂಟರಿಷ್ಟರ ಮುಂದೆ ಮಾತ್ರ ವರಸೆಯೇ ಬೇರೆ: "ಶರಾವತೀನ ಹಿಡಿದು ನಿಲ್ಲಿಸಿದೋನು ನಾನು. ಈ ಸುತ್ತಿನ ನೀರೆಲ್ಲ ನಾನು ತುಂಬಿಸಿಟ್ಟದ್ದು!"

ಅಂಥವನ ಹೊಟ್ಟೆಗೆ ಬೆಂಕಿಯಿಟ್ಟವನು ಪಕ್ಕದ ಕ್ವಾರ್ಟರ್ಸಿನ ವಾಸಪ್ಪ. ಹೋದ ಬೇಸಿಗೆ ರಜೆ ಹಾಕಿ ಗೋವಾಕ್ಕೆ ಹೋಗಿಬಂದು, ಫೋಟೋವೊಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಮಡಚಿದ ಪ್ಯಾಂಟು, ಕಪ್ಪು ಕನ್ನಡಕ, ಕೈಯಲ್ಲಿ ಎಳನೀರು, ಹಿಂದೆ ಕಣ್ಣು ಹಾಯುವಷ್ಟೂ ನೀರು. ಪಕ್ಕದಲ್ಲಿ ನೀರಿನಿಂದೆದ್ದು ಕವಲೊಡೆದ ಕರಿಯ ಕಂಬ.

"ಪೋರ್ಚುಗೀಸರ ಹಡಗಿಂದು," ಎಂದಿದ್ದ ವಾಸಪ್ಪ. "ಹಡಗು ಮುಳುಗಿ ಯಾವ ಕಾಲ ಆಯ್ತೋ, ಕಂಬ ಮಾತ್ರ ಹಾಗೇ ನಿಂತಿದೆ."

"ಅಲೆಯೇ ಕಾಣೋದಿಲ್ವಲ್ಲೋ?" ಎಂದು ಮುಕುಂದಯ್ಯ ಕೊಂಕು ತೆಗೆದ.

"ಶ್ರೀಮಂತರು ಬರೋ ಸಮುದ್ರ ಮಾರಾಯ. ಗಲಾಟೆ ಮಾಡೋದಿಲ್ಲ."

ಇಡೀ ಕಾಲೊನಿ ಸಾಲುಗಟ್ಟಿ ಫೋಟೋ ನೋಡಿತು. ಮುಕುಂದಯ್ಯನ ಹೆಂಡತಿ ಹೂವಮ್ಮನೂ ನೋಡಿದಳು. ವಾಸಪ್ಪನ ಮನೆಯವರು ಕೊಟ್ಟ ಕಾಫಿ ಆರಿ ಕೆನೆಗಟ್ಟುವವರೆಗೂ ನೋಡಿದಳು. ಮನೆಗೆ ಬಂದವಳೇ, "ನಾವೂ ಹೋಗೋಣ. ವಾಸಪ್ಪನೋರು ಹೋದಲ್ಲಿಗೇ. ಆ ಕಂಬದ ಹತ್ರ ನಿಲ್ಬೇಕು ನಂಗೆ," ಎಂದಳು.

ಮುಕುಂದಯ್ಯ ಬೆಚ್ಚಿದ. ಹೂವಮ್ಮ ಬಾಯಿಬಿಟ್ಟು ಕೇಳುವ ಹೆಂಗಸಲ್ಲ. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ, ತಾನು ಹುಟ್ಟಿದ ಮನೆ ಇದ್ದ ಕಡೆಗೆ ಕರೆದುಕೊಂಡು ಹೋಗಿ ಎಂದಿದ್ದಳು. "ಹಿನ್ನೀರಲ್ಲಿ ಮುಳುಗಿದ ಮನೇಲಿ ನೋಡೋದೇನಿದೆ ಹೂವು? ಬರೀ ನೀರು. ಬೇಕಾದ್ರೆ ಬಚ್ಚಲು ಹಂಡೇಲಿ ತೋರಿಸ್ತೀನಿ," ಎಂದು ಅವನು ಬಿದ್ದುಬಿದ್ದು ನಕ್ಕಿದ್ದ. ನಕ್ಕವನು ಅವನೊಬ್ಬನೇ. ಆಮೇಲೆ ಅವಳು ಒಂದು ಸೀರೆಯನ್ನೂ ಕೇಳಿರಲಿಲ್ಲ. ಈಗ ಗೋವಾ, ಗೋವಾ ಎಂದು ವರ್ಷವಿಡೀ ಜಪ ಮಾಡಿದಳು.

ಸರಿ, ಸಿದ್ಧತೆ ಶುರುವಾಯಿತು. ಸಾಗರದ ಪೇಟೆಯಲ್ಲಿ ಹುಡುಕಾಡಿ ಟೊಪ್ಪಿ ತಂದ. ವಾಸಪ್ಪನದಕ್ಕಿಂತ ಅಗಲದ ಕಪ್ಪು ಕನ್ನಡಕ ತಂದ. ಅದನ್ನು ಹಾಕಿಕೊಂಡು ಹಗಲಲ್ಲೇ ಲೈಟು ಕಂಬಕ್ಕೆ ಹಣೆ ಜಜ್ಜಿಕೊಂಡ. ಸ್ಟುಡಿಯೋದವರನ್ನು ಕಾಡಿ ಕ್ಯಾಮೆರಾ ಎರವಲು ಪಡೆದ. ಈಜು ಬಾರದವರಿಗೆಲ್ಲ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಮಲಗಿ ಸಮುದ್ರದಲ್ಲಿ ಈಜುವುದು ಹೇಗೆಂದು ತೋರಿಸಿದ. ಅವನಿಗೂ ಈಜು ಬರುತ್ತಿರಲಿಲ್ಲ.

ಒಂದೇ ತೊಡಕು. ಗೋವಾಕ್ಕೆ ಹೋಗಬೇಕಾದರೆ ಘಟ್ಟ ಇಳಿಯಬೇಕು. ಬಸ್ಸು ಹತ್ತಿದರೆ ಮುಕುಂದಯ್ಯನ ಹೊಟ್ಟೆಯಿಂದ ಹೋದ ಯುಗಾದಿಯ ಹೋಳಿಗೆಯವರೆಗೂ ಹೊರಬರುತ್ತಿತ್ತು. ಹಿಂದೊಮ್ಮೆ ಹೊನ್ನಾವರಕ್ಕೆ ಹೊರಟಿದ್ದವನನ್ನು ಸಹಪ್ರಯಾಣಿಕರು ಕೈಮುಗಿದು ಮಾವಿನಗುಂಡಿಯಲ್ಲೇ ಇಳಿಸಿದ್ದರು. ಘಾಟಿ ಇನ್ನೂ ಶುರುವೇ ಆಗಿರಲಿಲ್ಲ. ಶರಾವತಿಯನ್ನು ನಿಲ್ಲಿಸಿದವನಿಗೆ ತನ್ನ ಹೊಟ್ಟೆಯನ್ನು ನಿಲ್ಲಿಸಲು ಆಗಿರಲಿಲ್ಲ.

ಹೊರಡುವ ಹಿಂದಿನ ದಿನ ಹೆಂಡತಿಯ ಮುಂದೆ ತಲೆ ತಗ್ಗಿಸಿದ. "ನೋಡು ಹೂವು, ಫೋಟೋದಲ್ಲಿ ಉಪ್ಪುನೀರು, ಸಿಹಿನೀರು ಅಂತ ಬರೆದಿರ್ತದಾ? ಹಿನ್ನೀರಲ್ಲೇ ನಿಂತು ಒಂದು ಫೋಟೋ ಹೊಡ್ಕೊಂಡು, ನಾಕು ದಿನ ಅಲ್ಲೇ ಯಾರಾದ್ರೂ ನೆಂಟರ ಮನೇಲಿ ಅಡಗಿದ್ದು ಬಂದ್ರೆ..."

ಲಟ್ಟಣಿಗೆ ಹಾರಿಬರುವುದನ್ನೇ ಕಾದ. ಹಾರಿಬರಲಿಲ್ಲ. ಹೂವಮ್ಮನ ಮುಖ ಅರಳಿತು.

"ಆಗ್ಲಿ. ಆದ್ರೆ ಜಾಗ ಮಾತ್ರ ನಾನು ಹೇಳಿದ್ದು."

ಇಂಥ ಹೆಂಡತಿ ಯಾರಿಗುಂಟು ಎಂದು ಮುಕುಂದಯ್ಯ ಬೀಗಿದ. ಮರುದಿನ ಕಾಲೊನಿಯವರೆಲ್ಲರ ಮುಂದೆ ಟ್ರಂಕು ಹೊರಿಸಿಕೊಂಡು ಬಸ್ಸು ಹತ್ತಿದ. ವಾಸಪ್ಪನೂ ಬಂದು, "ಕಂಬ ನೋಡೋದು ಮರೀಬೇಡ," ಎಂದು ಕೈ ಬೀಸಿದ. ಸಾಗರದಲ್ಲಿ ಇಳಿದು ಗೋವಾಕ್ಕೆ ಬೆನ್ನುಹಾಕಿ, ಸಿಗಂದೂರಿನ ಕಡೆಯ ಬಸ್ಸು ಹಿಡಿದರು. ಹೊಳೆದಂಡೆ ಮುಟ್ಟುವಷ್ಟರಲ್ಲಿ ಎರಡೇ ಸಲ ವಾಂತಿ. ಅವನ ಮಟ್ಟಿಗೆ ಅದು ದಿಗ್ವಿಜಯ.

ಮಳೆಗಾಲಕ್ಕೆ ಮುಂಚಿನ ದಿನಗಳು. ಹಿನ್ನೀರು ಇಳಿದು ದಡದ ಕೆಂಪುಮಣ್ಣು ಬಾಯಿಬಿಟ್ಟಿತ್ತು. ಕನ್ನಪ್ಪನೆಂಬವನ ದೋಣಿ ಸಿಕ್ಕಿತು. ಹೂವಮ್ಮ ಮುಂದೆ ಕೂತು, "ಎಡಕ್ಕೆ... ಇನ್ನೂ ಎಡಕ್ಕೆ... ಆ ಗುಡ್ಡದ ಬುಡಕ್ಕೆ," ಎನ್ನುತ್ತ ಹೋದಳು. ಮುಕುಂದಯ್ಯ ಟೊಪ್ಪಿ ಸರಿಮಾಡಿಕೊಳ್ಳುವುದರಲ್ಲಿ ಮುಳುಗಿದ್ದ.

ಗುಡ್ಡದ ಮರೆ ದಾಟಿತು. ಎದುರಿಗೆ, ನೀರಿನಿಂದೆದ್ದು ಕವಲೊಡೆದ ಕರಿಯ ಕಂಬ.

ಮುಕುಂದಯ್ಯ ಕನ್ನಡಕ ತೆಗೆದು ನೋಡಿದ. ಅದೇ ಕವಲು. ಹಿಂದೆ ಅದೇ ನೀರು.

"ಎಲಾ ವಾಸಪ್ಪ! ಗೋವಾ ಅಂತೆ! ಪೋರ್ಚುಗೀಸರಂತೆ! ಸಿಕ್ಕಿಬಿದ್ದ ನೋಡು ಹೂವು, ಕಳ್ಳ!"

ದೋಣಿ ಮಗುಚುವಂತೆ ಕುಣಿದು, ಮೊಣಕಾಲುದ್ದದ ನೀರಿಗೆ ಧುಮುಕಿ, ಕಂಬದ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ. "ತೆಗಿ ಫೋಟೋ! ಅವನ ಗೋಡೆ ಮೇಲೇ ಇದನ್ನೂ ನೇತುಹಾಕ್ತೀನಿ!"

ಹೂವಮ್ಮ ಕ್ಯಾಮೆರಾ ಮುಟ್ಟಲಿಲ್ಲ. ದೋಣಿಯಲ್ಲಿ ಎದ್ದು ನಿಂತು ಕವಲಿನ ಸಂದಿಗೆ ಕೈಯಿಟ್ಟಳು. ಅಲ್ಲಿ ಹಗ್ಗ ಉಜ್ಜಿ ಉಜ್ಜಿ ಕೊರೆದ ತೋಡಿತ್ತು. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ನಮ್ಮನೆ ಅಂಗಳದ ಹಲಸಿನ ಮರ ಇದು. ಇದು ನನ್ನ ಉಯ್ಯಾಲೆ ಹಗ್ಗದ ಗುರುತು," ಎಂದು ಗಂಡನ ಕಡೆ ತಿರುಗಿದಳು. "ಅಳಿಯಂದಿರು ಮೊದಲನೇ ಸಲ ಬಂದಿದ್ದೀರಿ. ಕಾಲಿಗೆ ನೀರು ಕೊಡೋಣ ಅಂದ್ರೆ, ಅದನ್ನೂ ನೀವೇ ತುಂಬಿಸಿಟ್ಟಿದ್ದೀರಲ್ಲ."