ರುಮಾಲಿನ ಎತ್ತರಕ್ಕೆ ಉಂಗುರ

"ಗಿಡ್ಡವು ಛಲೋ ಅದಾವ್ರಿ ಗೌಡ್ರ. ದುರ್ಬೀನು ಬಂದೂಕನ್ನ ಅಪ್ಪಿಕೊಂಡಂಗ ಕೂಡತೈತಿ. ಬಂದೂಕಿನ ಚಿಲಕ ಎತ್ತಿದಾಗ ಅದಕ್ಕ ತಾಗಬಾರದು, ಅಷ್ಟಿದ್ರ ಸಾಕು."

ಕೊಪ್ಪಳದ ಬಂದೂಕು ರಿಪೇರಿಯ ಜಿಲಾನಸಾಬ ಎರಡು ಜೊತೆ ಉಕ್ಕಿನ ಉಂಗುರಗಳನ್ನು ಕುಬೇರಪ್ಪಗೌಡರ ಮುಂದಿಟ್ಟಿದ್ದ. ಒಂದು ಜೊತೆ ಗಿಡ್ಡ, ಇನ್ನೊಂದು ಎತ್ತರ. ಹೈದರಾಬಾದಿನಿಂದ ತರಿಸಿದ ದುರ್ಬೀನನ್ನು ಬಂದೂಕಿನ ಬೆನ್ನ ಮೇಲೆ ಹಿಡಿದು ಕೂರಿಸುವುದು ಈ ಉಂಗುರಗಳೇ. ತಳಕಲ್ಲಿನ ಗೌಡರು ತಮ್ಮ ಮದುವೆಯ ಉಂಗುರಕ್ಕೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಗಿಡ್ಡವನ್ನು ಹಾಕಿಸಿ ಗುರಿ ಹಿಡಿದು ನೋಡಿದರು. ಕೆನ್ನೆ ಬಂದೂಕಿನ ಮರಕ್ಕೆ ತಾಗಬೇಕೆಂದರೆ ತಲೆ ಬಗ್ಗಬೇಕು. ತಲೆ ಬಗ್ಗಿತೋ, ರುಮಾಲು ದುರ್ಬೀನಿಗೆ ಬಡಿದು ಹಿಂದಕ್ಕೆ ಜಾರುತ್ತಿತ್ತು. ಅದು ಅಂತಿಂಥ ರುಮಾಲಲ್ಲ. ಗೌಡರು ಚಾವಡಿಗೆ ಬರುವ ಮೊದಲು ಅದು ಬರುತ್ತಿತ್ತು. ಮೇಲಾಗಿ ಅದೀಗ ಪಣಕ್ಕೆ ಬಿದ್ದ ರುಮಾಲು. ಊರಿನ ಬಡವಿ ಸಣ್ಣವ್ವನ ಹಾಲಿನ ಆಡನ್ನು ಚಿರತೆ ಹೊತ್ತೊಯ್ದ ದಿನ ಊರವರ ಎದುರು ನಿಂತು, "ಅಮಾಸಿಯೊಳಗ ಅದನ್ನ ಹೊಡೀಲಿಲ್ಲಂದ್ರ ಈ ರುಮಾಲ ತಗದಿಡತೀನಿ" ಎಂದುಬಿಟ್ಟಿದ್ದರು.

"ಎತ್ತರದ್ದು ಹಾಕು."

"ಎತ್ತರದ್ದು ಹಾಕಿದ್ರ ಕುತ್ತಿಗಿ ಚಾಚಿ ನೋಡಬೇಕಾಗತೈತ್ರಿ. ಗಲ್ಲಕ್ಕ ಆಧಾರ ಇರಂಗಿಲ್ಲ. ಗುಂಡು ಮುಂದ ಹೋತಂದ್ರ ಬಂದೂಕ ಹಿಂದ ಬರತೈತಿ. ಹಣಿಗೆ ಬಡದೀತು."

"ಬಡೀತೈತಿ ಅಂತ ನಿನಗ ಯಾರು ಹೇಳ್ಯಾರ?"

ಜಿಲಾನಸಾಬ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. "ಯಾರೋ ಹೇಳ್ಯಾರ, ಹುಜೂರ್."

"ನಮ್ಮ ಮನಿತನದಾಗ ಬಂದೂಕಿಗೆ ತಲಿ ಬಗ್ಗಿಸಿದವರಿಲ್ಲ. ಬೇಕಾದ್ರ ದುರ್ಬೀನಽ ನಮ್ಮ ಕಣ್ಣಿನತನಕ ಏರಿ ಬರಲಿ."

ಏರಿ ಬಂತು. ಬೆನ್ನ ಮೇಲೆ ಅಷ್ಟೆತ್ತರ ಹೊತ್ತ ಬಂದೂಕು ಒಂಟೆಯಂತೆ ಕಾಣುತ್ತಿತ್ತು. ಅದನ್ನು ಹೆಗಲಿಗೇರಿಸಿ ಗೌಡರು ಊರ ನಡುವೆ ನಡೆದರೆ, ಕಟ್ಟೆಯ ಮೇಲೆ ಕೂತವರು ಎದ್ದರು, ಮಲಗಿದವರು ಕೂತರು.

ಸಂಜೆ ಗುಡ್ಡದಲ್ಲಿ ಚಿರತೆ ಬಂಡೆಯ ಮೇಲೆ ಬಂದು ನಿಂತಿತು. ಗೌಡರು ರುಮಾಲು ಅಲುಗದಂತೆ ಕುತ್ತಿಗೆ ಚಾಚಿ ಬಂದೂಕಿನ ಕುದುರೆ ಎಳೆದರು. ಗುಂಡು ಬಂಡೆಗೆ ಹೋಯಿತು, ದುರ್ಬೀನು ಗೌಡರ ಹುಬ್ಬಿಗೆ ಹೋಯಿತು, ಚಿರತೆ ತನ್ನ ಗವಿಗೆ ಹೋಯಿತು.

"ಚಿರತಿ ಉಗುರು ತಾಕ್ತು. ಮೈಮ್ಯಾಲಽ ಬಂದಿತ್ತು" ಎಂದರು ಮನೆಗೆ ಬಂದು.

ವಿರೂಪಾಕ್ಷಮ್ಮ ಅರಿಶಿನ ಒತ್ತುತ್ತ ಗಂಡನ ಗಾಯವನ್ನು ನೋಡಿದರು. ಹುಬ್ಬಿನ ಮೇಲೆ ಅಚ್ಚುಕಟ್ಟಾದ ಅರ್ಧಚಂದ್ರ. "ಏನ್ರಿ, ಚಿರತಿ ಉಗುರು ಇಷ್ಟು ಗುಂಡಗ ಗೀರತೈತೇನ್ರಿ? ಬಟ್ಟಲ ಇಟ್ಟು ಗೆರಿ ಎಳದಂಗ ಐತಿ."

"ನೀ ಎಷ್ಟು ಚಿರತಿ ನೋಡೀದಿ?"

"ಒಂದೂ ನೋಡಿಲ್ರಿ. ಆದ್ರ ನಿಮ್ಮ ದುರ್ಬೀನು ನೋಡೀನಿ."

ಹೆಂಡತಿ ನಂಬದಿದ್ದರೂ ಊರು ನಂಬಿತು. ಜನ ಬಂದು ಗಾಯಕ್ಕೆ ಕೈಮುಗಿದು ಹೋದರು. ಗೌಡರು ಕತೆ ಹೇಳಿದಂತೆಲ್ಲ ಚಿರತೆ ಬೆಳೆಯುತ್ತ ಹೋಗಿ ಹುಲಿಯಾಗುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ಅದು ಮತ್ತೆ ಇಳಿದು ಬಂದು ಸಣ್ಣವ್ವನ ಉಳಿದೊಂದು ಆಡಿನ ಮರಿಯನ್ನೂ ಒಯ್ದಿತು. ಸಣ್ಣವ್ವ ಖಾಲಿ ಹಗ್ಗ ಹಿಡಿದು ಬಾಗಿಲಿಗೆ ಬಂದಳು.

"ದೇವ್ರು ದೊಡ್ಡಾಂವ್ರಿ ಯಪ್ಪಾ. ಚಿರತಿ ಬಾಯಾಗಿಂದ ನೀವರ ಉಳಕೊಂಡ್ರಿ."

ಬೈದಿದ್ದರೆ ಗೌಡರು ತಡೆದುಕೊಳ್ಳುತ್ತಿದ್ದರು. ಅಮಾವಾಸ್ಯೆ ನಾಳೆಯೋ ನಾಡಿದ್ದೋ ಎನ್ನುವಷ್ಟು ಹತ್ತಿರವಿತ್ತು. ರುಮಾಲನ್ನು ಹುಬ್ಬು ಮುಚ್ಚುವಂತೆ ಸುತ್ತಿಕೊಂಡು, ಬಂದೂಕನ್ನು ಕಂಬಳಿಯಲ್ಲಿ ಸುತ್ತಿ, ಒಬ್ಬರೇ ಬಂಡಿ ಹೊಡೆದುಕೊಂಡು ಕೊಪ್ಪಳಕ್ಕೆ ಹೋದರು.

"ಬಾಗಲಾ ಹಾಕು" ಎಂದರು ಅಂಗಡಿಯೊಳಗೆ ಹೊಕ್ಕು. ಜಿಲಾನಸಾಬ ಚಿಲಕ ಹಾಕಿದ. ಗೌಡರು ರುಮಾಲನ್ನು ಎರಡು ಬೆರಳಷ್ಟು ಮೇಲಕ್ಕೆ ಸರಿಸಿದರು.

ಅವನು ಆ ಅರ್ಧಚಂದ್ರವನ್ನು ನೋಡಿದ. ತನ್ನ ಟೋಪಿ ತೆಗೆದ. ಅದೇ ಹುಬ್ಬು, ಅದೇ ಚಂದ್ರ. ಹಳೆಯದಾಗಿ ಬೆಳ್ಳಗಾಗಿತ್ತು ಅಷ್ಟೆ.

ಗೌಡರು ಕೆಂಡವಾದರು. "ಅವತ್ತಽ ಟೋಪಿ ತಗದು ತೋರಿಸಿದ್ರ ನನ್ನ ಹಣಿ ಉಳೀತಿತ್ತಲ್ಲೋ!"

"ಉಳೀತಿತ್ರಿ. ಬಂದೂಕು ರಿಪೇರಿಯವನ ಹಣಿಮ್ಯಾಲ ಬಂದೂಕಿನ ಗುರುತು ಐತಿ ಅಂತ ಮಂದಿಗೆ ಗೊತ್ತಾಗಿದ್ರ, ನನ್ನ ಅಂಗಡಿ ಉಳೀತಿರಲಿಲ್ರಿ."

ಗೌಡರು ಬೈಯಲು ಬಾಯಿ ತೆರೆದರು, ನಗು ಹೊರಬಿತ್ತು. ಮೆಲ್ಲಗೆ ರುಮಾಲನ್ನು ತೆಗೆದು ಅಂಗಡಿಯ ಹಲಗೆಯ ಮೇಲಿಟ್ಟರು. ತಲೆ ತಣ್ಣಗಾಯಿತು. ಗಿಡ್ಡ ಉಂಗುರ ಹಾಕಿಸಿ, ಮರಕ್ಕೆ ಕೆನ್ನೆ ಒತ್ತಿ, ಹಿಂದಿನ ಕಿಟಕಿಯಿಂದ ನೋಡಿದರು. ಅಷ್ಟು ದೂರದ ಕೋಟೆಯ ಗೋಡೆಯ ಬಿರುಕಿನಲ್ಲಿ ಬೆಳೆದ ಹುಲ್ಲು ಎಳೆಎಳೆಯಾಗಿ ತೂಗುತ್ತಿತ್ತು.

"ಈಗ ಸಿಕ್ತು ನೋಡು ಚಿರತಿ" ಎಂದರು. ಮೀಸೆ ತೀಡುತ್ತ, "ಎತ್ತರದ್ದೂ ಇರಲಿ, ಕಟ್ಟಿಕೊಡು."

"ಅದ್ಯಾಕ್ರಿ ಮತ್ತ?"

"ಗಿಡ್ಡವು ಗುಡ್ಡಕ್ಕ. ಅಲ್ಲಿ ನಾನು, ಚಿರತಿ ಇಬ್ಬರಽ ಇರತೀವಿ. ಎತ್ತರದ್ದು ಮೆರವಣಿಗಿಗೆ. ಊರ ಮಂದಿ ಮುಂದ ರುಮಾಲ ಹಾಕ್ಕೊಂಡು ಗುರಿ ಹಿಡದು ತೋರಿಸಬೇಕಲ್ಲ?"

ಜಿಲಾನಸಾಬ ಎತ್ತರದ ಜೊತೆಯನ್ನು ಬಟ್ಟೆಯಲ್ಲಿ ಆಗಲೇ ಕಟ್ಟಿಟ್ಟಿದ್ದ. ಬಾಗಿಲಿನ ಚಿಲಕಕ್ಕೆ ಕೈ ಹಾಕಿದವನು ಹಾಗೇ ನಿಂತು ಹಿಂದಿರುಗಿ ನೋಡಿದ. ಗೌಡರು ರುಮಾಲು ಎತ್ತಿಕೊಂಡರು, ಅವನು ಟೋಪಿ ಎತ್ತಿಕೊಂಡ. ಇಬ್ಬರ ಹುಬ್ಬಿನ ಚಂದ್ರರೂ ಮುಳುಗಿದ ಮೇಲೆಯೇ ಬಾಗಿಲು ತೆರೆಯಿತು.